ಕೊಡಗಿನ ಸಂತೆಗೆ ಹೋಗುವುದು ಹೇಗೆ: ವಾರ ಆರಿಸುವುದರಿಂದ ಚೀಲ ಕಟ್ಟುವವರೆಗೆ

ಕೊಡಗಿಗೆ ಬರುವವರ ಪಟ್ಟಿಯಲ್ಲಿ ಅಬ್ಬಿ ಜಲಪಾತ, ರಾಜಾಸೀಟು, ದುಬಾರೆ, ತಲಕಾವೇರಿ ತಪ್ಪದೆ ಇರುತ್ತವೆ. ಸಂತೆಯ ಹೆಸರು ಕಾಣುವುದು ಅಪರೂಪ. ಕಾಫಿಪುಡಿ, ಕರಿಮೆಣಸು, ಜೇನು ಬೇಕೆಂದರೆ ಹೆದ್ದಾರಿ ಬದಿಯ ಅಂಗಡಿ ಮುಂದೆ ಕಾರು ನಿಲ್ಲಿಸಿ, ಹತ್ತು ನಿಮಿಷದಲ್ಲಿ ಚೀಲ ತುಂಬಿಸಿಕೊಂಡು ಹೊರಟುಬಿಡುತ್ತಾರೆ. ಆದರೆ ಇಲ್ಲಿನ ಜನ ಮನೆಯಲ್ಲಿ ಏನು ತಿನ್ನುತ್ತಾರೆ, ತೋಟದ ವಾರ ಹೇಗೆ ಸಾಗುತ್ತದೆ, ಯಾವ ಮಳೆಗೆ ಯಾವ ಸೊಪ್ಪು ಬರುತ್ತದೆ ಎಂಬುದೆಲ್ಲ ಗೊತ್ತಾಗುವುದು ವಾರದ ಸಂತೆಯಲ್ಲಿ. ಅದನ್ನು ನೋಡುವ ಒಳ್ಳೆಯ ದಾರಿ ಎಂದರೆ ಕೊಳ್ಳಲು ಹೋಗುವುದು. ಆ ರಾತ್ರಿಯ ಅಡುಗೆಗೆ ಒಂದಿಷ್ಟು, ಊರಿಗೆ ಒಯ್ಯಲು ಒಂದಿಷ್ಟು ಅಂತ ಮನಸ್ಸಿನಲ್ಲಿಟ್ಟುಕೊಂಡು ಹೋದವರನ್ನು ಸಂತೆಯವರು ಮಾತಾಡಿಸುತ್ತಾರೆ, ರುಚಿ ತೋರಿಸುತ್ತಾರೆ, ಅಡುಗೆ ಹೇಳಿಕೊಡುತ್ತಾರೆ. ಅದಕ್ಕೆ ಏನೇನು ತಯಾರಿ ಬೇಕು ಎಂಬುದು ಮುಂದಿದೆ.

1. ಮೊದಲು ವಾರ ನೋಡಿ, ಆಮೇಲೆ ರೂಮು ಬುಕ್ ಮಾಡಿ

ಎರಡು ಊರು ತಮ್ಮ ಸಂತೆಯ ದಿನವನ್ನು ಹೆಸರಿನಲ್ಲೇ ಹೇಳಿಬಿಡುತ್ತವೆ. ಸೋಮವಾರಪೇಟೆಯದು ಸೋಮವಾರ, ಶನಿವಾರಸಂತೆಯದು ಶನಿವಾರ. ಉಳಿದಂತೆ ಕುಶಾಲನಗರಕ್ಕೆ ಮಂಗಳವಾರ, ವಿರಾಜಪೇಟೆಗೆ ಬುಧವಾರ, ಮಡಿಕೇರಿಗೆ ಶುಕ್ರವಾರ, ಗೋಣಿಕೊಪ್ಪಕ್ಕೆ ಭಾನುವಾರ. ಸುಂಟಿಕೊಪ್ಪ, ಸಿದ್ದಾಪುರದಲ್ಲೂ ಭಾನುವಾರವೇ ಸಂತೆ, ನಾಪೋಕ್ಲಿನಲ್ಲಿ ಸೋಮವಾರ. ಹಬ್ಬವೋ ಚುನಾವಣೆಯೋ ಅಡ್ಡ ಬಂದರೆ ದಿನ ಬದಲಾಗುವುದುಂಟು. ಹಿಂದಿನ ದಿನ ಹೋಮ್‌ಸ್ಟೇಯವರನ್ನು ಒಂದು ಮಾತು ಕೇಳಿಕೊಳ್ಳಿ.

ಈ ದಿನಗಳ ಹಿಂದೆ ತೋಟದ ಲೆಕ್ಕಾಚಾರ ಇದೆ. ಆಯಾ ಊರಿನ ಸುತ್ತಲಿನ ಎಷ್ಟೋ ಕಾಫಿ ತೋಟಗಳಿಗೆ ಸಂತೆ ದಿನವೇ ವಾರದ ರಜೆ. ವಾರದ ಬಟವಾಡೆ ಕೈಗೆ ಬಂದಿರುತ್ತದೆ. ಲೈನ್‌ಮನೆಗಳಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಗಳಿಂದ, ಜನ ತೋಟದ ಜೀಪಿನಲ್ಲಿ, ಪಿಕಪ್‌ನಲ್ಲಿ, ಖಾಸಗಿ ಬಸ್ಸಿನಲ್ಲಿ ಇಳಿದು, ಇಡೀ ವಾರದ ಅಕ್ಕಿ, ಬೇಳೆ, ತರಕಾರಿ, ಒಣಮೀನು, ಮಕ್ಕಳ ಬಟ್ಟೆ ಕೊಂಡು ಹಿಂತಿರುಗುತ್ತಾರೆ. ಅದಕ್ಕೇ ಸಂತೆಯ ಸರಕು ಅಂಗಡಿಯ ಸರಕಿಗಿಂತ ಬೇರೆ. ಹೊರಗಿನವರನ್ನು ಮೆಚ್ಚಿಸಲು ಇಲ್ಲಿ ಏನನ್ನೂ ಜೋಡಿಸಿಟ್ಟಿರುವುದಿಲ್ಲ.

ಒಂದೇ ಸಂತೆಗೆ ಸಮಯವಿದ್ದರೆ ಯಾವುದು? ಮೊದಲ ಸಲ ಬರುವವರಿಗೆ ಮಡಿಕೇರಿಯ ಶುಕ್ರವಾರದ ಸಂತೆ ಸುಲಭ. ಊರು ಗೊತ್ತಿರುತ್ತದೆ, ಬಸ್ಸಿದೆ, ಮುಗಿಸಿ ಮಹದೇವಪೇಟೆಯ ಹಳೆಯ ಅಂಗಡಿ ಸಾಲನ್ನೂ ನೋಡಬಹುದು. ಕುಶಾಲನಗರಕ್ಕೆ ಕಾವೇರಿಯ ಆಚೆ ಬದಿಯ ಬಯಲುಸೀಮೆಯ ತರಕಾರಿ ಬರುತ್ತದೆ, ಹತ್ತಿರದ ಬೈಲುಕುಪ್ಪೆಯ ಟಿಬೆಟಿಯನ್ನರೂ ಕೊಳ್ಳಲು ಬರುತ್ತಾರೆ. ಶನಿವಾರಸಂತೆ ಹಾಸನ ಜಿಲ್ಲೆಯ ಗಡಿಯಲ್ಲಿದೆ. ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಆ ಕಡೆಯವರು ಹಸಿಮೆಣಸು ಬೆಳೆಯುವುದರಿಂದ ಬೇಸಿಗೆಯ ಹೊತ್ತಿಗೆ ಅಲ್ಲಿ ಮೆಣಸಿನಕಾಯಿ ಮೂಟೆಗಳದೇ ರಾಶಿ. ವಿರಾಜಪೇಟೆಯನ್ನು 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ. ಕೇರಳಕ್ಕೆ ಇಳಿಯುವ ಮಾಕುಟ್ಟ ಘಾಟಿ ದಾರಿ ಇಲ್ಲಿಂದಲೇ ಹೋಗುವುದರಿಂದ ಮೀನು, ನೇಂದ್ರಬಾಳೆ, ಮಲಯಾಳ ಮಾತು ಮೂರೂ ಅಲ್ಲಿ ಧಾರಾಳ. ನನ್ನ ಆಯ್ಕೆ ಗೋಣಿಕೊಪ್ಪ. ದಕ್ಷಿಣ ಕೊಡಗಿನ ತೋಟಗಳೆಲ್ಲ ಅಲ್ಲಿಗೇ ಇಳಿಯುತ್ತವೆ, ಕೊಡವರ ಅಡುಗೆಮನೆಗೆ ಬೇಕಾದ ಎಲ್ಲವೂ ಒಂದೇ ಕಡೆ ಸಿಗುತ್ತದೆ.

2. ಯಾವ ತಿಂಗಳಿಗೆ ಏನು

ಈ ವಿಷಯ ತಿಳಿದಿದ್ದರೆ ಅರ್ಧ ಕೆಲಸ ಆದಂತೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಂತೆಯ ಬಣ್ಣವೇ ಬದಲಾಗುತ್ತದೆ. ಬಿದಿರಿನ ಎಳೆ ಮೊಳಕೆ, ಅಂದರೆ ಕಣಿಲೆ, ಬರುವುದು ಈಗಲೇ. ಕೊಡವರು ಇದನ್ನು ಬೈಂಬಳೆ ಅನ್ನುತ್ತಾರೆ. ಜತೆಗೆ ಕೆಸದ ಸೊಪ್ಪು, ಮರಕೆಸ, ಗುಡುಗು ಮಳೆಗೆ ಏಳುವ ಕಾಡು ಅಣಬೆ. ಬೆಣ್ಣೆಹಣ್ಣು ಗೋಣಿಚೀಲಗಳಲ್ಲಿ ಬಂದು ಬೀಳುತ್ತದೆ. ಬೆಂಗಳೂರಿನ ಸೂಪರ್‌ಮಾರ್ಕೆಟ್ಟಿನ ಬೆಲೆ ಕಂಡವರಿಗೆ ಇಲ್ಲಿನ ಬೆಲೆ ಕೇಳಿ ಖುಷಿಯಾಗುತ್ತದೆ. ಒಣಮೀನಿನ ಸಾಲು ಉದ್ದವಾಗುವುದೂ ಮಳೆಗಾಲದಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಹಸಿಮೀನು ಕಡಿಮೆ, ದುಬಾರಿ. ಹೊರಗೆ ಧೋ ಎಂದು ಸುರಿಯುವಾಗ ಕೆಂಡದ ಮೇಲೆ ಸುಟ್ಟ ಒಣಮೀನು, ಒಣಸೀಗಡಿ ಚಟ್ನಿ, ಬಿಸಿ ಗಂಜಿ ಇವಿಲ್ಲದ ಮನೆ ಕಡಿಮೆ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ ತಿಂಗಳು. ಅದರ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ಕ್ಕೆ, ಮದ್ದುಸೊಪ್ಪಿನಲ್ಲಿ ಹದಿನೆಂಟು ಔಷಧ ಗುಣ ಸೇರಿಕೊಳ್ಳುತ್ತದೆ ಎಂಬ ನಂಬಿಕೆ ಇದೆ. ಅದಕ್ಕೆ ಹಿಂದಿನ ಸಂತೆಯಲ್ಲಿ ಈ ಸೊಪ್ಪಿನ ಕಟ್ಟುಗಳು ಬರುತ್ತವೆ. ಬೇಯಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಆ ನೀರಿನಲ್ಲೇ ಅಕ್ಕಿ ಬೇಯಿಸಿ ಪಾಯಸ ಮಾಡುತ್ತಾರೆ. ತಿಂದವರ ಮೂತ್ರ ಮರುದಿನ ಕೆಂಪಾಗುವುದುಂಟು. ಅದು ಸೊಪ್ಪಿನ ಬಣ್ಣ, ಗಾಬರಿ ಬೇಡ.

ನವೆಂಬರ್, ಡಿಸೆಂಬರಿನಲ್ಲಿ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ. ಹುಣ್ಣಿಮೆಗೆ ಮುಂಚಿನ ಸಂತೆಯಲ್ಲಿ ಗೆಣಸು, ಬೆಲ್ಲ, ಎಳ್ಳು, ತೆಂಗಿನಕಾಯಿ, ತಂಬಿಟ್ಟಿಗೆ ಬೇಕಾದ ಮಾಗಿದ ಬಾಳೆಗೊನೆ, ಪಟಾಕಿ, ಹೊಸ ಬಟ್ಟೆ ಎಲ್ಲ ಒಟ್ಟಿಗೆ. ವರ್ಷದ ಸಂತೆಗಳಲ್ಲಿ ಇದರಷ್ಟು ಉತ್ಸಾಹದ್ದು ಇನ್ನೊಂದಿಲ್ಲ, ಜನಜಂಗುಳಿಗೆ ಅಂಜದವರು ಇದಕ್ಕೇ ಬನ್ನಿ. ಚಳಿಗಾಲದಲ್ಲಿ ಕೊಡಗಿನ ಕಿತ್ತಳೆಯೂ ಸಿಗುತ್ತದೆ, ಹುಡುಕಬೇಕು. ಫೆಬ್ರವರಿ, ಮಾರ್ಚಿನಿಂದ ಹೊಸ ಕರಿಮೆಣಸು. ಕಾಫಿ ಹೂವು ಮುಗಿದ ಮೇಲೆ ಏಪ್ರಿಲ್, ಮೇನಲ್ಲಿ ಹೊಸ ಜೇನು, ಹಲಸು, ಕಾಡುಮಾವು. ಬೆರಳುದ್ದದ ಈ ಮಾವಿನಹಣ್ಣನ್ನು ಗೊರಟು ಸಮೇತ ಬೆಲ್ಲ, ಮೆಣಸು ಹಾಕಿ ಕುದಿಸಿದ ಸಾರನ್ನು ಒಮ್ಮೆ ಉಂಡವರು ಮರುವರ್ಷ ಅದೇ ತಿಂಗಳಿಗೆ ರಜೆ ಹಾಕುತ್ತಾರೆ.

3. ಹೊರಡುವ ಮುಂಚೆ

ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಕೆಎಸ್‌ಆರ್‌ಟಿಸಿ ಬಸ್ಸುಗಳು ಓಡಾಡುತ್ತವೆ. ಜಿಲ್ಲೆಯೊಳಗೆ ಖಾಸಗಿ ಬಸ್ಸುಗಳೇ ಹೆಚ್ಚು. ಸ್ವಂತ ಕಾರಿದ್ದರೆ ಸಂತೆಯ ಬೀದಿಗೆ ನುಗ್ಗಬೇಡಿ. ಊರಿನ ಅಂಚಿನಲ್ಲಿ ನಿಲ್ಲಿಸಿ ನಡೆದು ಹೋಗಿ, ಸಂತೆ ದಿನ ಆ ಇಕ್ಕಟ್ಟು ರಸ್ತೆಗಳಲ್ಲಿ ಕಾರು ತಿರುಗಿಸುವುದೇ ದೊಡ್ಡ ಕೆಲಸ.

ಎರಡು ಬಟ್ಟೆಚೀಲ ಇರಲಿ: ಒಂದು ಒಣ ಸಾಮಾನಿಗೆ, ಇನ್ನೊಂದು ಸೊಪ್ಪು, ತರಕಾರಿಗೆ. ಮೀನು ಕೊಳ್ಳುವುದಾದರೆ ಮುಚ್ಚಳವಿರುವ ಡಬ್ಬಿ ಒಯ್ಯಿರಿ. ಹತ್ತು, ಇಪ್ಪತ್ತು, ಐವತ್ತರ ನೋಟು ಸಾಕಷ್ಟು ಇಟ್ಟುಕೊಳ್ಳಿ. ಹೆಚ್ಚಿನವರ ಹತ್ತಿರ ಫೋನ್‌ಪೇ ಇರುತ್ತದೆ, ಆದರೆ ಮಳೆಗೆ ಕರೆಂಟು ಹೋಗಿ ನೆಟ್‌ವರ್ಕ್ ಸತ್ತಾಗ ಕೈಯ ಕಾಸೇ ಗತಿ. ಮಳೆಗಾಲದಲ್ಲಿ ಬಿಳಿ ಪ್ಯಾಂಟು, ಚರ್ಮದ ಚಪ್ಪಲಿ ಬೇಡ. ನೆಲ ಕೆಸರು, ಟಾರ್ಪಾಲಿನ ಅಂಚಿನಿಂದ ಹೆಗಲ ಮೇಲೆ ನೀರು ಇಳಿಯುತ್ತದೆ. ಕೊಡೆಗಿಂತ ರೇನ್‌ಕೋಟು ವಾಸಿ, ಎರಡೂ ಕೈ ಖಾಲಿ ಇರುತ್ತವೆ. ಗಮ್‌ಬೂಟು ಇಲ್ಲದಿದ್ದರೆ ಸಂತೆಯಲ್ಲೇ ಸಿಗುತ್ತದೆ, ತೋಟದ ಕೆಲಸದವರು ಕೊಳ್ಳುವ ಗಟ್ಟಿ ಸರಕು.

ಹೊತ್ತಿನ ವಿಷಯ: ಬೆಳಗ್ಗೆ ಒಂಬತ್ತು, ಹತ್ತಕ್ಕೆ ಸೊಪ್ಪು, ಅಣಬೆ, ಹಣ್ಣು ತಾಜಾ ಇರುತ್ತವೆ. ಮಧ್ಯಾಹ್ನದ ಮೇಲೆ ನೂಕುನುಗ್ಗಲು. ಸಂಜೆ ಮೂಟೆ ಕಟ್ಟುವ ಹೊತ್ತಿಗೆ ತರಕಾರಿ ಬೆಲೆ ಇಳಿಯುತ್ತದೆ, ಆಯ್ಕೆಯೂ ಮುಗಿದಿರುತ್ತದೆ. ಬೆಳಗ್ಗೆಯೇ ಹೋಗಿ.

4. ಮೊದಲ ಸುತ್ತು ಬರಿಗೈಯಲ್ಲಿ

ಹೋದ ತಕ್ಷಣ ಚೀಲ ಬಿಚ್ಚಬೇಡಿ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಬೆಲೆ ಕೇಳುತ್ತಾ ಬನ್ನಿ. ಎತ್ತರದ ರಾಶಿ ಹಾಕಿಕೊಂಡು ಕೂಗುವವರು ವ್ಯಾಪಾರಿಗಳು. ಅವರ ಟೊಮೆಟೊ, ಕೋಸು, ಈರುಳ್ಳಿ ಮೈಸೂರು, ಹಾಸನದ ಕಡೆಯದು, ನಿಮ್ಮ ಊರಲ್ಲೂ ಸಿಗುತ್ತದೆ. ನೀವು ಹುಡುಕಬೇಕಾದ್ದು ಅಂಚಿನಲ್ಲಿ, ಗೋಡೆ ಬದಿಯಲ್ಲಿ, ಮೆಟ್ಟಿಲ ಮೇಲೆ ಗೋಣಿತಾಟು ಹಾಸಿ ಕೂತವರನ್ನು. ಅವರ ಮುಂದೆ ನಾಲ್ಕು ಕಟ್ಟು ಸೊಪ್ಪು, ಒಂದು ಗೊನೆ ಬಾಳೆ, ಒಂದು ಪಾಲು ಸೂಜಿಮೆಣಸು, ಎರಡು ಚಕ್ಕೋತ ಇರುತ್ತದೆ, ಅಷ್ಟೇ. ಅದು ಹಿತ್ತಲಿನಿಂದ, ತೋಟದ ಅಂಚಿನಿಂದ ಬಂದದ್ದು. ಕೊಡಗಿನ ರುಚಿ ಅಲ್ಲಿದೆ.

ಕಿವಿಗೂ ಕೆಲಸ ಕೊಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವರ ಮಾತು ಎಲ್ಲ ಒಂದೇ ಸಾಲಿನಲ್ಲಿ ಕೇಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ತೋಟದ ಕೆಲಸಕ್ಕೆ ಅಸ್ಸಾಂ, ಬಂಗಾಳದಿಂದ ಬಂದವರ ಮಾತೂ ಸೇರಿದೆ. ಕನ್ನಡ ಹೆಚ್ಚಿನವರಿಗೆ ಬರುತ್ತದೆ.

5. ಮಾತು, ಚೌಕಾಸಿ

"ಅಕ್ಕಾ, ಕಟ್ಟಿಗೆ ಎಷ್ಟು?", "ಅಣ್ಣಾ, ಪಾಲಿಗೆ ಎಷ್ಟು?" ಅಂತ ಶುರುಮಾಡಿ. ವಯಸ್ಸಾದವರಿಗೆ ಅಜ್ಜಿ, ಅಜ್ಜ. ಒಣಮೀನು ಮಾರುವ ಹಿರಿಯ ಮಾಪಿಳ್ಳೆಗಳಿಗೆ ಊರವರು ಕಾಕಾ ಅನ್ನುತ್ತಾರೆ, ನೀವೂ ಹಾಗೇ ಕರೆಯಬಹುದು. ಎಷ್ಟೇ ಎಳೆಯರಿದ್ದರೂ ಏಕವಚನ ಬೇಡ.

ಬೆಲೆ ಕೇಳಿದ ಮೇಲೆ ಎರಡನೇ ಪ್ರಶ್ನೆ: "ಇದನ್ನು ಹೇಗೆ ಮಾಡುತ್ತೀರಿ?" ಸಂತೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಮಾರುವವರು ಹೇಳುತ್ತಾರೆ, ಪಕ್ಕದವರು ತಿದ್ದುತ್ತಾರೆ, ಕೊಳ್ಳಲು ನಿಂತವರು ಮೂರನೇ ವಿಧಾನ ಸೇರಿಸುತ್ತಾರೆ. ಬರೆದುಕೊಳ್ಳಿ.

ಚೌಕಾಸಿ ಬಟ್ಟೆ, ಪಾತ್ರೆ, ಗಮ್‌ಬೂಟು, ಕೊಡೆಯ ಅಂಗಡಿಗಳಲ್ಲಿ ನಡೆಯುತ್ತದೆ. ದೊಡ್ಡ ರಾಶಿಯ ತರಕಾರಿಗೂ ಕೇಳಬಹುದು. ನಾಲ್ಕು ಕಟ್ಟು ಸೊಪ್ಪು ಹಿಡಿದು ಕೂತ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಜಗ್ಗಾಡಬಾರದು. ಆ ಸೊಪ್ಪು ಕೊಯ್ದು, ತೊಳೆದು, ಕಟ್ಟಿ, ಬಸ್ಸು ಹತ್ತಿ ಬಂದ ಶ್ರಮಕ್ಕೆ ಅವರು ಕೇಳುವುದೇ ಕಡಿಮೆ. ಕೇಳಿದಷ್ಟು ಕೊಟ್ಟರೆ ಎಷ್ಟೋ ಸಲ ಅವರೇ ಹಿಡಿ ಸೊಪ್ಪು ಜಾಸ್ತಿ ಹಾಕುತ್ತಾರೆ.

ತೂಕದ ಸಾಮಾನಿಗೆ ತಕ್ಕಡಿ ಸೊನ್ನೆಯಲ್ಲಿದೆಯೇ ಎಂದು ನೋಡಿಕೊಳ್ಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

6. ಏನನ್ನು ಹೇಗೆ ಆರಿಸುವುದು

ಕರಿಮೆಣಸು. ಎರಡು ಬೆರಳ ನಡುವೆ ಒತ್ತಿದರೆ ಕಾಳು ಪುಡಿಯಾಗಬಾರದು, ಕಚ್ಚಿದರೆ ಟಕ್ ಎನ್ನಬೇಕು. ಮೆತ್ತಗಿದ್ದರೆ ಸರಿಯಾಗಿ ಒಣಗಿಲ್ಲ, ಮನೆಗೆ ಹೋದ ಮೇಲೆ ಬೂಷ್ಟು ಹಿಡಿಯುತ್ತದೆ. ನಾಲ್ಕು ಕಾಳು ನೀರಿನ ಲೋಟಕ್ಕೆ ಹಾಕಿ: ಬಲಿತ ಮೆಣಸು ಮುಳುಗುತ್ತದೆ, ಪೊಳ್ಳು ಕಾಳು ತೇಲುತ್ತದೆ, ಬೆರಕೆ ಮಾಡಿದ ಪಪ್ಪಾಯಿ ಬೀಜವೂ ತೇಲುತ್ತದೆ. ವ್ಯಾಪಾರಿಗಳು ಒಂದು ಲೀಟರ್ ಅಳತೆಯಲ್ಲಿ ಎಷ್ಟು ಗ್ರಾಂ ತೂಗುತ್ತದೆ ಎಂಬುದರ ಮೇಲೆ ದರ್ಜೆ ಕಟ್ಟುತ್ತಾರೆ. 500, 550 ಎಂಬ ಅಂಕಿಗಳು ಕಿವಿಗೆ ಬಿದ್ದರೆ ಅದು ಈ ಲೆಕ್ಕ. ಅಂಕಿ ಹೆಚ್ಚಿದಷ್ಟೂ ಕಾಳು ಗಟ್ಟಿ.

ಕಾಫಿಪುಡಿ. ಸಂತೆ ದಿನ ಪೇಟೆಯ ಕಾಫಿ ಮಿಲ್ಲಿನ ಮುಂದೆ ಹಾದುಹೋಗಿ, ಹುರಿಯುವ ವಾಸನೆಯೇ ಕರೆಯುತ್ತದೆ. ಕಣ್ಣೆದುರು ಪುಡಿ ಮಾಡಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಎಷ್ಟು ಎಂದು ಬಿಡಿಸಿ ಕೇಳಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಚಿಕೋರಿ ಶೇ 49 ಮೀರುವಂತಿಲ್ಲ, ಪೊಟ್ಟಣದ ಮೇಲೆ ಪ್ರಮಾಣ ನಮೂದಿಸಲೇಬೇಕು. ಪರೀಕ್ಷೆಗೆ ಚಿಟಿಕೆ ಪುಡಿಯನ್ನು ತಣ್ಣೀರಿನ ಮೇಲೆ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ತಳ ಸೇರುತ್ತದೆ. ಫಿಲ್ಟರ್ ಕಾಫಿಗೆ ನನ್ನ ಸಲಹೆ ಅರೇಬಿಕಾ, ರೋಬಸ್ಟಾ ಸಮಸಮ, ಚಿಕೋರಿ ಇಲ್ಲದೆ. ಹಾಲಿನ ಜತೆ ಕಟು ಬೇಕೆನ್ನುವವರು ರೋಬಸ್ಟಾ ಹೆಚ್ಚಿಸಿಕೊಳ್ಳಬಹುದು.

ಕಾಚಂಪುಳಿ. ಪಂದಿಕರಿಯ, ಅಂದರೆ ಕೊಡವರ ಹಂದಿಮಾಂಸದ ಅಡುಗೆಯ, ಕಪ್ಪು ಬಣ್ಣ, ಹುಳಿ ಎರಡೂ ಇದರದೇ. ಉಪ್ಪಾಗೆ ಜಾತಿಯ ಹಣ್ಣನ್ನು ರಾಶಿ ಹಾಕಿ, ಕೊಳೆತು ಇಳಿಯುವ ರಸ ಹಿಡಿದು, ಅದು ಕಪ್ಪಾಗಿ ಮಂದವಾಗುವವರೆಗೆ ಕುದಿಸಿ ಇಳಿಸುತ್ತಾರೆ. ತುಂಬಾ ಹಣ್ಣು ಸೇರಿದರೆ ಒಂದು ಬಾಟಲಿ, ಹಾಗಾಗಿ ಅಗ್ಗದ ಕಾಚಂಪುಳಿ ಎಂಬುದಿಲ್ಲ. ಬಾಟಲಿ ಓರೆ ಮಾಡಿ ನೋಡಿ: ನೀರಿನಂತೆ ಓಡಬಾರದು, ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯಬೇಕು. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು, ಒಲೆ ಆರಿಸುವ ಮುಂಚೆ ಹಾಕುವುದು. ಮಾಂಸ ತಿನ್ನದವರು ಕೆಸದ ಸೊಪ್ಪಿನ ಪಲ್ಯಕ್ಕೆ, ಮೀನು ತಿನ್ನುವವರು ಸಾರಿಗೆ ಬಳಸಿ. ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ.

ಜೇನು. ನೀರಿಗೆ ಹಾಕುವುದು, ಬೆಂಕಿ ಹಚ್ಚುವುದು ಯಾವುದನ್ನೂ ನಂಬಬೇಡಿ, ಬೆರಕೆ ನಿಜವಾಗಿ ಗೊತ್ತಾಗುವುದು ಪ್ರಯೋಗಾಲಯದಲ್ಲಿ ಮಾತ್ರ. ತಳದಲ್ಲಿ ಹರಳು ಕಟ್ಟಿದ್ದರೆ ಸಕ್ಕರೆ ಎಂದು ತಿರಸ್ಕರಿಸಲೂ ಬೇಡಿ, ಅಪ್ಪಟ ಜೇನೂ ಚಳಿಗೆ ಗಟ್ಟಿಯಾಗುತ್ತದೆ. ಜೇನು ಸಾಕಣೆದಾರರ ಸಹಕಾರ ಸಂಘದ ಮಳಿಗೆಯಲ್ಲಿ ಕೊಳ್ಳಿ, ಇಲ್ಲವೇ ಪೆಟ್ಟಿಗೆ ಇಟ್ಟಿರುವ ಮನೆಯಿಂದಲೇ.

ಕಿತ್ತಳೆ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿ ಮಾನ್ಯತೆ ಇದೆ. ಆದರೆ ಹಸಿರು ರೋಗ ಮತ್ತಿತರ ಬಾಧೆಗಳಿಂದ ತೋಟಗಳು ಒಣಗಿ ಫಸಲು ತೀರಾ ಇಳಿದಿದೆ. ರಸ್ತೆ ಬದಿ ಈ ಹೆಸರಿನಲ್ಲಿ ಹೊರಗಿನ ಹಣ್ಣು ಮಾರುವುದುಂಟು. ನಿಜವಾದದ್ದು ಹಸಿರು ಮಿಶ್ರಿತ ಹಳದಿ, ಸಿಪ್ಪೆ ಹಣ್ಣಿಗೆ ಬಿಗಿಯಾಗಿ ಅಂಟಿರುತ್ತದೆ, ಹುಳಿ ಸಿಹಿ ಎರಡೂ ಮುಂದಿರುವ ರುಚಿ. ಹೊಳೆಯುವ ದಪ್ಪ ಕಿತ್ತಳೆ ಬಣ್ಣ ಕಂಡರೆ ಊರು ಕೇಳಿ. ಕಡಿಮೆ ನೋಟದ, ಮಚ್ಚೆಯ ಹಣ್ಣು ಅಂಚಿನಲ್ಲಿ ಕೂತವರ ಹತ್ತಿರ ಸಿಕ್ಕರೆ ಬಿಡಬೇಡಿ.

ಕಣಿಲೆ. ಹಸಿಯಾಗಿ ತಿನ್ನುವಂತಿಲ್ಲ, ಅದರಲ್ಲಿ ಸಯನೈಡ್ ಉಂಟುಮಾಡುವ ಅಂಶವಿದೆ. ಹೆಚ್ಚಿ ಎರಡು ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಚೆನ್ನಾಗಿ ಬೇಯಿಸಿ ನೀರು ಬಸಿಯಬೇಕು. ಪ್ರವಾಸಿಗೆ ಅಷ್ಟು ದಿನ ಎಲ್ಲಿ? ಹೆಚ್ಚಿ ನೆನೆಸಿ ಬಕೆಟ್ಟಿನಲ್ಲಿ ಮಾರುವುದನ್ನು ಕೊಳ್ಳಿ, ಎಷ್ಟು ದಿನ ನೆನೆದಿದೆ ಎಂದು ಕೇಳಿ. ಮನೆಗೆ ತಂದು ಇನ್ನೊಮ್ಮೆ ಬೇಯಿಸಿ ಬಸಿಯಿರಿ.

ಕೆಸಕ್ಕೆ ಹುಳಿ ಹಾಕದೆ ಬೇಯಿಸಿದರೆ ಗಂಟಲು ತುರಿಸುತ್ತದೆ. ಹುಣಸೆ, ಕಾಚಂಪುಳಿ ಯಾವುದಾದರೂ ಸರಿ. ಅಣಬೆಯನ್ನು ಊರವರು ಮುಗಿಬಿದ್ದು ಕೊಳ್ಳುವ ಕಡೆಯೇ ಕೊಳ್ಳಿ, ಅದನ್ನು ನೋಡಿ ನೀವು ಕಾಡಿನಲ್ಲಿ ಆರಿಸಲು ಹೋಗಬೇಡಿ. ಬೆಣ್ಣೆಹಣ್ಣು ಪ್ರಯಾಣಕ್ಕೆ ಗಟ್ಟಿಯದೇ ಇರಲಿ, ಮನೆಯಲ್ಲಿ ಅಕ್ಕಿ ಡಬ್ಬದಲ್ಲಿಟ್ಟರೆ ಕೆಲವೇ ದಿನಕ್ಕೆ ಹಣ್ಣಾಗುತ್ತದೆ. ಕಡಂಬಿಟ್ಟಿಗೆ, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿಯ ಉಂಡೆಗೆ, ಬೇಕಾದ ಅಕ್ಕಿತರಿ ಪೇಟೆಯ ದಿನಸಿ ಅಂಗಡಿಯಲ್ಲಿ ಪೊಟ್ಟಣವಾಗಿ ಸಿಗುತ್ತದೆ, ಹಗುರ, ಊರಿಗೆ ಒಯ್ಯಲು ಒಳ್ಳೆಯದು.

7. ಕೈ ಹಾಕಬಾರದ್ದು

ಕಾಡುಹಂದಿ, ಜಿಂಕೆ ಮಾಂಸ ಸಿಗುತ್ತದೆಯೇ ಎಂದು ಪಿಸುಗುಟ್ಟುವ ಪ್ರವಾಸಿಗರಿದ್ದಾರೆ. ಕೇಳಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೂ ಮಾರಾಟವೂ ಅಪರಾಧ, ಕೊಂಡವರೂ ಸಿಕ್ಕಿಬೀಳುತ್ತಾರೆ. ಪಂದಿಕರಿಗೆ ಬಳಸುವುದು ಸಾಕಿದ ಹಂದಿ, ಅದು ಪರವಾನಗಿ ಇರುವ ಅಂಗಡಿಯಲ್ಲೇ ಸಿಗುತ್ತದೆ. ಕಾಡಿನ ಮರದಿಂದ ಕಿತ್ತು ತಂದ ಸೀತಾಳೆ (ಆರ್ಕಿಡ್) ಗಿಡಗಳೂ ಬೇಡ. ನಿಮ್ಮ ಬಾಲ್ಕನಿಯಲ್ಲಿ ಅವು ಬದುಕುವುದಿಲ್ಲ, ಕಾಡಿನಲ್ಲೂ ಉಳಿಯುವುದಿಲ್ಲ.

ಫೋಟೊ ಕೇಳಿ ತೆಗೆಯಿರಿ. ಸರಕಿನದಾದರೆ ಹೆಚ್ಚಿನವರು ಒಪ್ಪುತ್ತಾರೆ. ಮುಖದ್ದಾದರೆ, ಅದರಲ್ಲೂ ಎರವ, ಕುರುಬ ಹೆಂಗಸರದಾದರೆ, ಅವರು ಬೇಡವೆಂದು ತಲೆ ಅಲ್ಲಾಡಿಸಿದ ಮೇಲೆ ಫೋನು ಒಳಗಿಡಬೇಕು. ದುಡ್ಡು ಕೊಟ್ಟು ಒಪ್ಪಿಸುವುದು ಬೇಡ.

8. ಚೀಲ ಕಟ್ಟಿಕೊಂಡು ಮರಳುವಾಗ

ಹೊಟ್ಟೆಗೆ ಸಂತೆ ಬದಿಯ ಸಣ್ಣ ಹೋಟೆಲಲ್ಲಿ ಕಡಲೆಸಾರಿನ ಜತೆ ಪುಟ್ಟು, ಪರೋಟ, ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಕಟ್ಟಂಚಾಯ (ಹಾಲು ಹಾಕದ ಚಹಾ) ಇರುತ್ತದೆ. ನೂಪುಟ್ಟು (ಅಕ್ಕಿ ಶಾವಿಗೆ), ಕಡಂಬಿಟ್ಟು ಬೇಕಿದ್ದರೆ ಹೋಮ್‌ಸ್ಟೇಯಲ್ಲೇ ಹೇಳಿಡಿ. ಕೊಂಡ ಸೊಪ್ಪು, ಕಣಿಲೆ, ಒಣಮೀನನ್ನು ಮನೆಯೊಡತಿಯ ಕೈಗೆ ಕೊಟ್ಟು "ಆಂಟಿ, ನಿಮ್ಮ ಪದ್ಧತಿಯಲ್ಲೇ ಮಾಡಿಕೊಡಿ" ಎಂದು ವಿನಂತಿಸಿ. ಮಧ್ಯಾಹ್ನವೇ ಫೋನು ಮಾಡಿ ಕೇಳಿದ್ದರೆ ಬಹುಪಾಲು ಒಪ್ಪುತ್ತಾರೆ, ಒಲೆ ಬದಿ ನಿಂತು ನೋಡಲೂ ಬಿಡುತ್ತಾರೆ.

ಕತ್ತಲಾಗುವ ಮುಂಚೆ ಹೊರಡಿ. ಸಿದ್ದಾಪುರ, ತಿತಿಮತಿ ಕಡೆಯ ರಸ್ತೆಗಳಲ್ಲಿ ಸಂಜೆಯಾದರೆ ಆನೆ ದಾಟುತ್ತವೆ. ಮಡಿಕೇರಿ ರಸ್ತೆಯಲ್ಲಿ ಮಂಜು ಇಳಿದರೆ ಹತ್ತು ಅಡಿ ಮುಂದೆ ಕಾಣುವುದಿಲ್ಲ. ಆನೆ ಕಂಡರೆ ಹಾರ್ನ್ ಹೊಡೆಯದೆ, ದೀಪ ಮಿಣುಕಿಸದೆ, ದೂರದಲ್ಲೇ ನಿಲ್ಲಿ.

ಊರು ಮುಟ್ಟಿದ ದಿನವೇ ಮೆಣಸು, ಏಲಕ್ಕಿಯನ್ನು ಪೊಟ್ಟಣದಿಂದ ತೆಗೆದು ಒಂದು ಮಧ್ಯಾಹ್ನ ಗಾಳಿಗೆ ಹರಡಿ, ಆಮೇಲೆ ಗಾಜಿನ ಡಬ್ಬಿಗೆ ತುಂಬಿ. ಕೊಡಗಿನ ತೇವ ಅದರಲ್ಲಿ ಉಳಿದಿರುತ್ತದೆ. ಕಾಫಿಪುಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ, ಎರಡು ವಾರದೊಳಗೆ ಮುಗಿಸಿ. ಒಣಮೀನನ್ನು ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳ ತಟ್ಟೆಯಲ್ಲಿಡಿ, ಕಾಫಿಯಿಂದ ಆದಷ್ಟು ದೂರ.